ನಂಬರು ಬರುವ ತನಕ

ಕೊರಿಯಾದಲ್ಲಿ ಓದುತ್ತಿದ್ದೇನೆ ಅಂದ ಕೂಡಲೇ ಕಾಂಪೌಂಡಿನ ಆಚೆಯ ಮನೆಯಿಂದ ಬರುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲನೆಯದು, ಉತ್ತರವೋ ದಕ್ಷಿಣವೋ? ಎರಡನೆಯದು, ಅಲ್ಲಿ ನಾಯಿ ತಿಂತಾರಂತಲ್ಲ, ನಿಜವಾ? ಮೂರನೆಯದು ಆ ಮನೆಯ ಪಿಯುಸಿ ಹುಡುಗಿಯದು: ಬಿಟಿಎಸ್‌ನವರನ್ನು ನೋಡಿದ್ಯಾ ಅಕ್ಕಾ? ಮೂರಕ್ಕೂ ಒಟ್ಟಿಗೇ ಉತ್ತರ ಹೇಳಿ ಮುಗಿಸಿಬಿಡುತ್ತೇನೆ. ನಾನಿರುವುದು ದಕ್ಷಿಣದಲ್ಲಿ. ಉತ್ತರಕ್ಕೆ ಓದಲು ಹೋಗಿದ್ದರೆ ಹೀಗೆ ರಜೆಗೆ ಬಂದು ನಿಮ್ಮ ಗೋಡೆಗೆ ಮೊಣಕೈ ಊರಿಕೊಂಡು ಹರಟುತ್ತಿರಲಿಲ್ಲ. ನಾಯಿಮಾಂಸದ ವ್ಯಾಪಾರವನ್ನೇ ನಿಲ್ಲಿಸುವ ಕಾನೂನನ್ನು ಅವರ ಸಂಸತ್ತು 2024ರ ಜನವರಿಯಲ್ಲಿ ಪಾಸು ಮಾಡಿತು. ವ್ಯಾಪಾರಿಗಳಿಗೆ ಕೊಟ್ಟ ಗಡುವು 2027ರವರೆಗೆ. ನನ್ನ ವಯಸ್ಸಿನ ಕೊರಿಯನ್ನರು ನಾಯಿಯನ್ನು ಮಕ್ಕಳ ತಳ್ಳುಗಾಡಿಯಲ್ಲಿ ಕೂರಿಸಿ ವಾಕಿಂಗಿಗೆ ಕರೆದೊಯ್ಯುವವರು. ಇನ್ನು ಬಿಟಿಎಸ್. ನೋಡಿದ್ದೇನೆ, ಮೆಟ್ರೋ ಸ್ಟೇಷನ್ನಿನ ಗೋಡೆಯ ಮೇಲೆ, ಅಭಿಮಾನಿಗಳು ದುಡ್ಡು ಹಾಕಿ ಅಂಟಿಸಿದ ಹುಟ್ಟುಹಬ್ಬದ ಜಾಹೀರಾತಿನಲ್ಲಿ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಹೋದ ಹೊಸತರಲ್ಲಿ ಅಲ್ಲಿ ನೀನು ಯಾರಾಗಿದ್ದೆ? ಯಾರೂ ಆಗಿರಲಿಲ್ಲ. ಉತ್ಪ್ರೇಕ್ಷೆ ಅಲ್ಲ, ಸರ್ಕಾರಿ ಸತ್ಯ.

ಅಲ್ಲಿ ಮನುಷ್ಯನಾಗಬೇಕಾದರೆ 13 ಅಂಕಿಯ ನಂಬರು ಬೇಕು. ನಮ್ಮ ಆಧಾರ್‌ಗಿಂತ ಒಂದು ಅಂಕಿ ಜಾಸ್ತಿ. ಮೊದಲ ಆರು ಅಂಕಿ ಹುಟ್ಟಿದ ದಿನಾಂಕ. ಏಳನೆಯ ಅಂಕಿ ನೋಡಿದರೆ ಸಾಕು, ಗಂಡೋ ಹೆಣ್ಣೋ, ಯಾವ ಶತಮಾನದಲ್ಲಿ ಹುಟ್ಟಿದ್ದು, ಸ್ವದೇಶಿಯೋ ವಿದೇಶಿಯೋ ಎಲ್ಲ ಬಯಲು. ವಿದ್ಯಾರ್ಥಿ ವೀಸಾದಲ್ಲಿ ಬಂದವರು 90 ದಿನದೊಳಗೆ ವಲಸೆ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಬೆರಳಚ್ಚು ಕೊಟ್ಟು, ಈ ನಂಬರಿರುವ ಕಾರ್ಡು ಪಡೆಯಬೇಕು. ಕಚೇರಿಗೆ ಸುಮ್ಮನೆ ಹೋಗಿ ಸಾಲಿನಲ್ಲಿ ನಿಲ್ಲೋಣ ಅಂದರೆ ಆಗದು, ಆನ್‌ಲೈನಿನಲ್ಲಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಆಗಸ್ಟ್ ಕೊನೆಗೆ ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಹೊರಗಿನ ಮಕ್ಕಳು ಒಟ್ಟಿಗೇ ಬಂದು ಇಳಿಯುತ್ತಾರೆ, ಎಲ್ಲರಿಗೂ ವಲಸೆ ಕಚೇರಿಯೇ ಗತಿ. ಸಿಗುವ ದಿನಾಂಕ ಎಷ್ಟೋ ವಾರಗಳಾಚೆಯದು. ಆಮೇಲೆ ಕಾರ್ಡು ಅಚ್ಚಾಗಿ ಬರಲು ಇನ್ನೊಂದಷ್ಟು ವಾರ.

ಸರಿ, ಕಾಯೋಣ, ಅದಕ್ಕೇನು ಅಂತೀರಿ. ಕಾಯುವಾಗ ಫೋನು ಬೇಡವೇ? ನಿಮ್ಮ ಹೆಸರಿನಲ್ಲಿ ಸರಿಯಾದ ಮೊಬೈಲ್ ಸಂಪರ್ಕ ಕೊಡಲು ಅಂಗಡಿಯವನಿಗೆ ಆ ಕಾರ್ಡು ಬೇಕು. ಬ್ಯಾಂಕಿನವಳು ಕಾರ್ಡೂ ಕೇಳುತ್ತಾಳೆ, ಫೋನ್ ನಂಬರೂ ಕೇಳುತ್ತಾಳೆ. ಮನೆಗೆ ದಿಂಬು ತರಿಸೋಣವೆಂದು ಆನ್‌ಲೈನ್ ಅಂಗಡಿಗೆ ಹೋದರೆ ಫೋನಿನ ಮೂಲಕ ನೀನು ನೀನೇ ಅಂತ ಸಾಬೀತು ಮಾಡು ಅನ್ನುತ್ತದೆ. ಪಾಸ್‌ಪೋರ್ಟ್ ತೋರಿಸಿ ಪಡೆದ ಪ್ರೀಪೇಯ್ಡ್ ಸಿಮ್ಮಿಗೆ ಆ ಯೋಗ್ಯತೆ ಇಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಅಂತ ನಮ್ಮ ಹಿರಿಯರು ಸಿಯೋಲ್ ನೋಡಿಯೇ ಹೇಳಿರಬೇಕು.

ಇದರ ಮೇಲೆ ನಮ್ಮ ಹೆಸರಿನ ಕಥೆ. ಕೊರಿಯನ್ನರ ಹೆಸರು ಸಾಮಾನ್ಯವಾಗಿ ಮೂರು ಅಕ್ಷರ. ಕಿಮ್, ಲೀ, ಪಾರ್ಕ್ ಅಂತ ಮನೆತನಕ್ಕೊಂದು, ಹೆಸರಿಗೆರಡು. ಅವರ ಅರ್ಜಿಯ ಚೌಕಗಳೆಲ್ಲ ಆ ಅಳತೆಗೆ ಹೊಲಿದವು. ನಮ್ಮದೋ? ಊರು, ಅಪ್ಪನ ಹೆಸರು, ತನ್ನ ಹೆಸರು, ಕೆಲವರಿಗೆ ಅಜ್ಜನದೂ ಸೇರಿ ಒಂದು ಮೆರವಣಿಗೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟವರ ಪಾಡು ಇನ್ನೂ ಚೆಂದ. ಒಂದು ಕೌಂಟರಿನಲ್ಲಿ ಹೆಸರು ಮಧ್ಯಕ್ಕೆ ತುಂಡಾಗುತ್ತದೆ, ಇನ್ನೊಂದರಲ್ಲಿ ಹಿಂದುಮುಂದಾಗುತ್ತದೆ, ಮೂರನೆಯದರಲ್ಲಿ ಎಲ್ಲವೂ ದೊಡ್ಡಕ್ಷರದಲ್ಲಿ ಜಾಗವೇ ಬಿಡದೆ ಒಂದೇ ಉಸಿರಿಗೆ ಕೂತಿರುತ್ತದೆ. ಮೂರೂ ಒಬ್ಬರೇ ಅಂತ ಕಂಪ್ಯೂಟರನ್ನು ಒಪ್ಪಿಸುವವರು ಯಾರು?

ಹಾಸ್ಟೆಲ್ ಸಿಗದ ಕಾರಣ ನಾನು ಹೋಗಿ ಸೇರಿದ್ದು ಸಿಯೋಲ್‌ನ ಸಿಲ್ಲಿಮ್‌ದೊಂಗ್‌ನ ಒಂದು ಗೋಶಿವಾನಿಗೆ, ಅಂದರೆ ಪರೀಕ್ಷೆಗೆ ಓದುವವರ ಪುಟ್ಟ ಕೋಣೆಗಳ ವಠಾರಕ್ಕೆ. ಗ್ವಾನಾಕ್ ಬೆಟ್ಟದ ಬುಡದ ಈ ಬಡಾವಣೆ ದಶಕಗಳ ಕಾಲ ವಕೀಲಿ, ನ್ಯಾಯಾಧೀಶಗಿರಿಯ ಪರೀಕ್ಷೆಗೆ ಓದುವವರ ಊರು. ನಮ್ಮ ಧಾರವಾಡದ ಸಪ್ತಾಪುರವನ್ನು ಗುಡ್ಡದ ಇಳಿಜಾರಿಗೆ ಎತ್ತಿಟ್ಟ ಹಾಗೆ ಅಂದುಕೊಳ್ಳಿ: ಪುಸ್ತಕದಂಗಡಿ, ಜೆರಾಕ್ಸ್, ಅಗ್ಗದ ಊಟ, ಚಪ್ಪಲಿ ಹಾಕಿಕೊಂಡು ಗೊಣಗುತ್ತಾ ನಡೆಯುವ ಮೂವತ್ತರ ಹುಡುಗರು. ಹಳೆಯ ಪದ್ಧತಿಯ ಆ ನ್ಯಾಯಾಂಗ ಪರೀಕ್ಷೆ 2017ಕ್ಕೆ ನಿಂತೇಹೋಯಿತು, ಈಗ ಲಾ ಸ್ಕೂಲಿಗೆ ಹೋದವರಿಗಷ್ಟೇ ವಕೀಲಿ. ಹುಡುಗರು ಕರಗಿದರು, ಕೋಣೆಗಳು ಉಳಿದವು. ಅವುಗಳಲ್ಲಿ ಈಗ ಸರ್ಕಾರಿ ನೌಕರಿಯ ಪರೀಕ್ಷೆಯವರು, ಒಂಟಿ ಮುದುಕರು, ಮತ್ತು ನನ್ನಂಥ ನಂಬರಿಲ್ಲದವರು. ನನ್ನ ಕೋಣೆಯಲ್ಲಿ ಮಲಗಿ ಒಂದು ಕೈ ಚಾಚಿದರೆ ಬಾಗಿಲು, ಇನ್ನೊಂದು ಚಾಚಿದರೆ ಕಿಟಕಿ. ಕಿಟಕಿ ಇರುವುದಕ್ಕೆ ಬಾಡಿಗೆ ಬೇರೆ. ತಿಂಗಳಿಗೆ 3.5 ಲಕ್ಷ ಅಂದಾಗ ಫೋನಿನಲ್ಲಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ವೋನ್ ಅಪ್ಪಾ, ರೂಪಾಯಿಯಲ್ಲಿ ಇಪ್ಪತ್ತು ಸಾವಿರ ಚಿಲ್ಲರೆ ಅಂದ ಮೇಲೆ ಉಸಿರು ಬಂತು. ಅಡಿಗೆಮನೆ ಇರುವ ಪುಟ್ಟ ಮನೆ ಹಿಡಿಯೋಣವೆಂದರೆ ಠೇವಣಿಯೇ 1 ಕೋಟಿ ವೋನ್ ಅಂತ ನಾನು ಅಂದು ಹೇಳಲಿಲ್ಲ. ಒಂದೇ ದಿನ ಎರಡು ಆಘಾತ ಯಾಕೆ?

ಬಾಡಿಗೆಯ ಜೊತೆ ಅನ್ನ ಉಚಿತ. ಹಜಾರದ ಕುಕ್ಕರಿನಲ್ಲಿ ಹಗಲೂ ರಾತ್ರಿ ಬಿಸಿ ಅನ್ನ ಇರುತ್ತದೆ. ಕಿಮ್ಚಿ ಉಚಿತ, ನೂಡಲ್ಸ್ ಪೊಟ್ಟಣ ಉಚಿತ. ನಾನು ಸಸ್ಯಾಹಾರಿ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿ ಕೊಳೆಸಿದ ಸೀಗಡಿ ಇಲ್ಲವೇ ಮೀನಿನ ರಸ ಬೀಳುತ್ತದೆ, ನೂಡಲ್ಸಿನ ಪುಡಿಯಲ್ಲಿ ದನದ ಸಾರು. ಎಲೆಕೋಸಿನ ಸಾರು ನೋಡಲು ಎಷ್ಟು ಸಾಧುವೋ ಅದರ ಬುಡದಲ್ಲಿ ಅಷ್ಟು ಒಣಮೀನು ಕುದ್ದಿರುತ್ತದೆ. ಮಾಂಸ ಬೇಡ ಅಂದರೆ ಮೀನು ತರುತ್ತಾರೆ, ಮೀನೂ ಬೇಡ ಅಂದರೆ ಹ್ಯಾಮ್ ತರುತ್ತಾರೆ, ಅದನ್ನು ಅವರು ಮಾಂಸದ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಇದರಲ್ಲಿ ದುರುದ್ದೇಶ ಎಳ್ಳಷ್ಟೂ ಇಲ್ಲ, ಪಾಪದ ಹುಡುಗಿ ಏನೂ ತಿನ್ನುತ್ತಿಲ್ಲವಲ್ಲ ಎಂಬ ಕರುಣೆಯೇ.

ಆದರೂ ಊಟದ ವಿಷಯ ನಮ್ಮವರು ಹೇಳುವಷ್ಟು ಘೋರವಲ್ಲ, ಇದನ್ನು ಗೋಡೆ ಹತ್ತಿ ಹೇಳುತ್ತೇನೆ. ಇತೆವಾನಿನ ಮಸೀದಿ ರಸ್ತೆಯ ಅಂಗಡಿಗಳಲ್ಲಿ ತೊಗರಿಬೇಳೆ, ಸಾಸಿವೆ, ಹುಣಸೆ ಎಲ್ಲ ಸಿಗುತ್ತದೆ. ಮಾಂಸವಿಲ್ಲದ ನೂಡಲ್ಸನ್ನು ಅಲ್ಲಿನ ದೊಡ್ಡ ಕಂಪನಿಗಳೇ ಮಾಡುತ್ತವೆ, ಹುಡುಕಬೇಕು ಅಷ್ಟೆ. ಇನ್ನೊಂದು ಮಾತು, ಇದಕ್ಕೆ ನೀವು ಬೈದರೂ ಸರಿ: ಅವರ ಅಂಟು ಅನ್ನ ಮೊಸರನ್ನಕ್ಕೆ ನಮ್ಮ ಸೋನಾಮಸೂರಿಗಿಂತ ಒಂದು ಕೈ ಮೇಲು. ಹಿಸುಕುವ ಕೆಲಸವೇ ಇಲ್ಲ. ಮೊಸರು ಮಾತ್ರ ನೋಡಿ ತರಬೇಕು, ಬಹುಪಾಲು ಡಬ್ಬಿಗಳಲ್ಲಿ ಸಕ್ಕರೆ ಸುರಿದಿರುತ್ತಾರೆ.

ಈ ಊಟದ ಹುಡುಕಾಟದಲ್ಲೇ ನಾನು ಜೊಂಗ್ನೋದ ಜೋಗ್ಯೇಸಾ ದೇವಾಲಯದ ಕಡೆ ಹೋದದ್ದು. ಕನ್ನಡದವರಿಗೆ ಹಸಿವಾದರೆ ಕಾಲು ದೇವಸ್ಥಾನದ ಕಡೆ ತಿರುಗುವುದು ಹುಟ್ಟುಗುಣವಲ್ಲವೇ? ಕೊರಿಯಾದ ಬೌದ್ಧ ಭಿಕ್ಷುಗಳ ಅಡಿಗೆಯಲ್ಲಿ ಮಾಂಸ ಮೀನು ಇರಲಿ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲ. ನಮ್ಮ ಮಠದ ಅಡಿಗೆಯೇ ಅಂತ ಹಿಗ್ಗಿ ಕೂತೆ. ಅವರು ಬಿಡುವ ಐದು ಘಾಟಿನ ಪದಾರ್ಥಗಳ ಪಟ್ಟಿ ಕೇಳಿದ ಮೇಲೆ ಹಿಗ್ಗು ಅರ್ಧ ಇಳಿಯಿತು. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಅದರದೇ ಜಾತಿಯ ಇನ್ನೆರಡು ಸೊಪ್ಪು, ಐದನೆಯದು ಇಂಗು! ನಾವು ಬೆಳ್ಳುಳ್ಳಿ ಬಿಟ್ಟ ಅಡಿಗೆಗೆ ಇಂಗು ಹಾಕಿ ಮಡಿ ಅಂತೀವಿ, ಅವರು ಇಂಗನ್ನೂ ಬೆಳ್ಳುಳ್ಳಿಯ ಪಂಕ್ತಿಯಲ್ಲೇ ಕೂರಿಸಿ ಎರಡನ್ನೂ ಹೊರಗಿಟ್ಟಿದ್ದಾರೆ. ತಮಾಷೆ ಏನೆಂದರೆ ಇಂಗಿನ ಗಿಡ ಕೊರಿಯಾದಲ್ಲಿ ಬೆಳೆಯುವುದೇ ಇಲ್ಲ. ಇಲ್ಲಿಂದ ಹೋದ ಧರ್ಮದ ಜೊತೆ ನಿಷೇಧ ಮಾತ್ರ ಹೋಯಿತು, ಪದಾರ್ಥ ಹೋಗಲಿಲ್ಲ. ಊರಿನ ಡಬ್ಬಿಯಲ್ಲಿ ಅದನ್ನು ಒಯ್ದವಳು ನಾನು.

ಗೋಶಿವಾನಿನ ಒಡತಿಯನ್ನು ನಾವೆಲ್ಲ ಇಮೋ ಅಂತ, ಅಂದರೆ ಚಿಕ್ಕಮ್ಮ ಅಂತ ಕರೆಯುತ್ತಿದ್ದೆವು. ಅರವತ್ತು ದಾಟಿದ ಹೆಂಗಸು, ಗುಂಗುರು ಕೂದಲು, ತಲೆಗೆ ಬಿಸಿಲಿನ ಪಟ್ಟಿ. ನಾನು ಒಗ್ಗರಣೆ ಹಾಕಿದ ದಿನ ಅವಳು ಹಜಾರದ ಕಿಟಕಿಗಳನ್ನೆಲ್ಲ ಒಂದೂ ಮಾತಾಡದೆ ತೆರೆಯುತ್ತಿದ್ದಳು. ಅವಳು ಹುಳಿಬರಿಸಿದ ಸೋಯಾದ ಚೊಂಗುಕ್ಜಾಂಗ್ ಕುದಿಸಿದ ದಿನ ಅದೇ ಕಿಟಕಿಗಳನ್ನು ನಾನು ತೆರೆಯುತ್ತಿದ್ದೆ. ಲೆಕ್ಕ ಚುಕ್ತಾ.

ಇಮೋಳ ನಿಜವಾದ ಪ್ರತಿಭೆ ಕಸದಲ್ಲಿತ್ತು. ಕೊರಿಯಾದಲ್ಲಿ ಮೊದಲ ದಿನಗಳು ಕಷ್ಟ ಅನ್ನುವವರು ಭಾಷೆ, ಚಳಿ, ಊಟ ಅಂತಾರೆ. ಯಾರೂ ಕಸ ಅನ್ನುವುದಿಲ್ಲ. ನಾನು ಅನ್ನುತ್ತೇನೆ. 1995ರಿಂದ ಅಲ್ಲಿ ಕಸಕ್ಕೆ ಅಳತೆಯ ಮೇಲೆ ದುಡ್ಡು. ಆಯಾ ವಾರ್ಡಿನ ಹೆಸರು ಅಚ್ಚಾದ ಚೀಲವನ್ನು ಅಂಗಡಿಯಲ್ಲಿ ಕೊಂಡು ಅದರಲ್ಲೇ ತುಂಬಿ ಇಡಬೇಕು, ಚೀಲದ ಬೆಲೆಯೇ ಕಸದ ತೆರಿಗೆ. ಜಾಸ್ತಿ ಕಸ ಮಾಡಿದವನು ಜಾಸ್ತಿ ಚೀಲ ಕೊಳ್ಳುತ್ತಾನೆ, ನ್ಯಾಯವಾದದ್ದೇ. ರಸ್ತೆಯಲ್ಲಿ ಕಸದ ಡಬ್ಬಿ ಅಪರೂಪ. ಬೆಳಿಗ್ಗೆ ಕುಡಿದ ಕಾಫಿಯ ಲೋಟ ಸಂಜೆಯವರೆಗೆ ಬ್ಯಾಗಿನಲ್ಲಿ ಊರು ಸುತ್ತುತ್ತದೆ. ಹಸಿ ಕಸ, ಒಣ ಕಸ ಅಂತ ಎರಡೇ ಬುಟ್ಟಿಗೆ ಬೆಂಗಳೂರಿನವರು ಎಷ್ಟು ಗೊಣಗುತ್ತಾರೆ! ಇಮೋಳ ಹಿತ್ತಿಲಲ್ಲಿ ಕಾಗದಕ್ಕೊಂದು, ಗಾಜಿಗೊಂದು, ಡಬ್ಬಿಗೊಂದು, ಪ್ಲಾಸ್ಟಿಕ್ಕಿಗೊಂದು ಬುಟ್ಟಿ. ಬಣ್ಣವಿಲ್ಲದ ಪೆಟ್ ಬಾಟಲಿಗೆ ಪ್ರತ್ಯೇಕ ಮರ್ಯಾದೆ, ಮೇಲಿನ ಲೇಬಲ್ ಕಿತ್ತು, ತೊಳೆದು, ಅಪ್ಪಚ್ಚಿ ಮಾಡಿಯೇ ಹಾಕಬೇಕು.

ಇಷ್ಟೂ ಬಾಲವಾಡಿ. ಪದವಿ ಪರೀಕ್ಷೆ ಇರುವುದು ಊಟದ ಕಸದಲ್ಲಿ. ಅದನ್ನು ನೆಲದಲ್ಲಿ ಹೂಳುವುದು 2005ರಿಂದಲೇ ನಿಷಿದ್ಧ. ಬಹುಪಾಲು ಪ್ರಾಣಿಗಳ ಮೇವಾಗಿ, ಗೊಬ್ಬರವಾಗಿ ಹೋಗುತ್ತದೆ. ಹಾಗಾಗಿ ಸೂತ್ರ ಸರಳ: ಪ್ರಾಣಿ ತಿನ್ನಬಹುದಾದದ್ದು ಊಟದ ಕಸ, ತಿನ್ನಲಾರದ್ದು ಮಾಮೂಲಿ ಕಸ. ಬಾಳೆಹಣ್ಣಿನ ಸಿಪ್ಪೆ ಊಟದ ಕಸ. ಈರುಳ್ಳಿಯ ಒಣ ಸಿಪ್ಪೆ ಅಲ್ಲ. ಬೆಳ್ಳುಳ್ಳಿ ಸಿಪ್ಪೆ ಅಲ್ಲ. ಮೊಟ್ಟೆಯ ಚಿಪ್ಪು, ಮೂಳೆ, ಹಣ್ಣಿನ ಓಟೆ, ಚಹಾದ ಚರಟ ಯಾವುದೂ ಅಲ್ಲ. ಹೊಸ ಹುಡುಗಿ ಬಂದ ವಾರವೇ ಇಮೋ ಒಂದು ಪ್ರಾತ್ಯಕ್ಷಿಕೆ ಕೊಡುತ್ತಾಳೆ. ಕೈಗವಸು ಹಾಕಿಕೊಂಡು ಚೀಲ ಬಿಚ್ಚಿ ಒಂದೊಂದೇ ಎತ್ತಿ ತೋರಿಸುವುದು. ಭಾಷೆಯ ಅಗತ್ಯವೇ ಇಲ್ಲ. ಮೊಟ್ಟೆ ಚಿಪ್ಪು ಎತ್ತಿ ಹಿಡಿದು, ಬಾಯಿ ಅಗಿಯುವ ಹಾಗೆ ಮಾಡಿ, ಪ್ರಾಣಿ ಇದನ್ನು ತಿನ್ನುತ್ತದಾ ಅಂತ ಹುಬ್ಬು ಹಾರಿಸಿದರೆ ಯಾವ ದೇಶದವರಿಗೆ ತಿಳಿಯುವುದಿಲ್ಲ? ನನ್ನ ಹುಣಸೆ ಬೀಜವನ್ನೂ ಕರಿಬೇವಿನ ಒಣ ಕಡ್ಡಿಯನ್ನೂ ಅವಳು ಬಹಳ ಹೊತ್ತು ತಿರುಗಿಸಿ ನೋಡಿದಳು. ಕೊನೆಗೆ ಮಾಮೂಲಿ ಚೀಲಕ್ಕೆ ಅಂತ ತೀರ್ಪಾಯಿತು. ಕಾಫಿ ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು ಊಟಕ್ಕೆ ಹೋಗಿ ಬನ್ನಿ, ಅಲ್ಲೇ ಇರುತ್ತದೆ. ಚಿಪ್ಪನ್ನು ತಪ್ಪು ಚೀಲಕ್ಕೆ ಹಾಕಿ ನೋಡಿ, ಓಣಿಗೆಲ್ಲ ಗೊತ್ತಾಗಿರುತ್ತದೆ.

ಇದೇ ಇಮೋ ಒಂದು ದಿನ ನನ್ನನ್ನು ನಿಲ್ಲಿಸಿ ತನ್ನ ಎದೆ ಮುಟ್ಟಿಕೊಂಡು ಗಿಮ್ಹೆ ಕಿಮ್ ಅಂದಳು, ನನ್ನ ಕಡೆ ಬೆರಳು ತೋರಿಸಿ ಇಂದೋ, ಅಂದರೆ ಇಂಡಿಯಾ, ಅಂದಳು, ಎರಡು ಬೆರಳು ಜೋಡಿಸಿ ನಕ್ಕಳು. ಪಕ್ಕದ ಕೋಣೆಯ ಮಂಗೋಲಿಯಾದ ಹುಡುಗಿ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. 13ನೇ ಶತಮಾನದ ಸಂಗುಕ್ ಯುಸಾ ಎಂಬ ಗ್ರಂಥದಲ್ಲಿ ಒಂದು ಕಥೆ ಬರುತ್ತದೆ. ಆಯುತ ಎಂಬ ದೂರದೇಶದ ರಾಜಕುಮಾರಿ ಕ್ರಿ.ಶ. 48ರಲ್ಲಿ ಹಡಗಿನಲ್ಲಿ ಬಂದು ಅಲ್ಲಿನ ಗಯಾ ರಾಜ್ಯದ ದೊರೆ ಸೂರೋನನ್ನು ಮದುವೆಯಾದಳಂತೆ. ಗಿಮ್ಹೆ ಊರಿನ ಕಿಮ್‌ಗಳು ತಾವು ಆ ದಂಪತಿಯ ಸಂತಾನ ಅನ್ನುತ್ತಾರೆ. ಆ ಆಯುತವೇ ಅಯೋಧ್ಯೆ ಅಂತ ಅಲ್ಲಿ ಬಹಳ ಜನರ ನಂಬಿಕೆ, ಅಯೋಧ್ಯೆಯಲ್ಲಿ ಆಕೆಯ ಸ್ಮಾರಕವೂ ಇದೆ. ಇತಿಹಾಸಕಾರರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪದಿದ್ದರೇನು, ಅಜ್ಜಿಯ ಊರಿನವಳು ಅಂತ ಇಮೋ ನನಗೆ ಮನೆಯಲ್ಲಿ ಮಾಡಿದ ಕಿಮ್ಚಿಯನ್ನು ಡಬ್ಬಿಗಟ್ಟಲೆ ಕೊಟ್ಟಳು. ಸೀಗಡಿಯ ಕಾರಣ ಅದು ಮಂಗೋಲಿಯಾ ಪಾಲಾಯಿತು, ಅದು ಬೇರೆ ವಿಷಯ. ಅಂದ ಹಾಗೆ, ಒಂದೇ ಮೂಲದ ಒಂದೇ ಮನೆತನದವರು ಮದುವೆಯಾಗಬಾರದೆಂಬ ಕಟ್ಟಳೆ ಅಲ್ಲೂ ಇತ್ತು. ಇತ್ತು ಅಂದರೆ ಬರೀ ಅಜ್ಜಿಯರ ಬಾಯಲ್ಲಿ ಅಲ್ಲ, ಕಾನೂನಿನ ಪುಸ್ತಕದಲ್ಲೇ. 1997ರಲ್ಲಿ ಸಂವಿಧಾನ ನ್ಯಾಯಾಲಯ ಅದು ಸಲ್ಲದು ಅಂತ ಹೇಳಬೇಕಾಯಿತು. ಸಗೋತ್ರ ಅಂತ ಸಂಬಂಧ ಬಿಟ್ಟ ಮನೆಗಳು ನಮ್ಮ ಓಣಿಯಲ್ಲೇ ಎಷ್ಟಿವೆ, ನಿಮಗೆ ಗೊತ್ತಿಲ್ಲದ್ದೇ?

ವಯಸ್ಸಿನ ವಿಷಯ ಇನ್ನೊಂದು. ಪರಿಚಯವಾದ ಎರಡನೇ ನಿಮಿಷಕ್ಕೆ ಹುಟ್ಟಿದ ಇಸವಿ ಕೇಳುತ್ತಾರೆ. ಕೆದಕುವ ಚಟ ಅಲ್ಲ ಅದು, ನಿಮಗೆ ಬಹುವಚನ ಕೊಡಬೇಕೋ ಬೇಡವೋ ತಿಳಿಯದೆ ಮುಂದಿನ ವಾಕ್ಯವೇ ಅವರಿಗೆ ಮುಗಿಸಲಾಗದು. ಮೊದಲೆಲ್ಲ ಹುಟ್ಟಿದಾಗಲೇ ಒಂದು ವರ್ಷ, ಆಮೇಲೆ ಪ್ರತಿ ಜನವರಿ ಒಂದಕ್ಕೆ ಎಲ್ಲರಿಗೂ ಒಂದೊಂದು ವರ್ಷ ಹೆಚ್ಚಾಗುತ್ತಿತ್ತು. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸಿಗೆ ಮಾರನೇ ದಿನ ಎರಡು ವರ್ಷ! 2023ರ ಜೂನ್ 28ರಿಂದ ಕಾನೂನಿನ ಲೆಕ್ಕದಲ್ಲಿ ನಮ್ಮ ಹಾಗೇ ಎಣಿಸುತ್ತಾರೆ, ಒಂದೇ ದಿನಕ್ಕೆ ಇಡೀ ದೇಶ ಚಿಕ್ಕದಾಯಿತು. ಆದರೂ ನಮ್ಮ ಲ್ಯಾಬಿನವರು ಊಟಕ್ಕೆ ಕೂತಾಗ ಯಾರು ಮೊದಲು ಚಮಚ ಎತ್ತಬೇಕು, ಯಾರ ಲೋಟಕ್ಕೆ ಯಾರು ಎರಡು ಕೈಯಲ್ಲಿ ನೀರು ಬಗ್ಗಿಸಬೇಕು ಎಂಬುದು ಇಂದಿಗೂ ಇಸವಿಯ ಮೇಲೇ. ಅತ್ತೆ, ಓರಗಿತ್ತಿ, ನಾದಿನಿಯರ ಮನೆಯಲ್ಲಿ ಬೆಳೆದವಳಿಗೆ ಇದೆಲ್ಲ ಕಷ್ಟವೇ ಅಲ್ಲ. ನನ್ನ ಜೊತೆಯ ಜರ್ಮನ್ ಹುಡುಗ ಮಾತ್ರ ಒಂದು ಸೆಮಿಸ್ಟರ್ ಪೂರ್ತಿ ತಬ್ಬಿಬ್ಬಾಗಿದ್ದ.

ಭಾಷೆ? ಲಿಪಿ ನಮಗೆ ಬೇಗ ಹತ್ತುತ್ತದೆ. ಸೆಜೊಂಗ್ ಎಂಬ ದೊರೆ 1443ರಲ್ಲಿ ಸಿದ್ಧಪಡಿಸಿ 1446ರಲ್ಲಿ ಜನರ ಕೈಗಿತ್ತದ್ದು ಅದು. ಮೂಲ ವ್ಯಂಜನ 14, ಸ್ವರ 10. ವ್ಯಂಜನದ ಪಕ್ಕಕ್ಕೋ ಕೆಳಕ್ಕೋ ಸ್ವರ ಬರೆದು, ಬೇಕಾದರೆ ಬುಡದಲ್ಲಿ ಇನ್ನೊಂದು ವ್ಯಂಜನ ಸೇರಿಸಿ, ಒಂದು ಚೌಕದಲ್ಲಿ ಒಂದಕ್ಷರ ಕೂರಿಸುತ್ತಾರೆ. ಕಾಗುಣಿತ ಬರೆದು ಕೈ ಪಳಗಿದವರಿಗೆ ಎರಡು ವಾರಾಂತ್ಯದ ಕೆಲಸ. ಓದಲು ಬಂದರೆ ಅರ್ಥ ಗೊತ್ತಿಲ್ಲದೆಯೂ ಬದುಕಬಹುದು, ಏಕೆಂದರೆ ಅಂಗಡಿ ಬೋರ್ಡುಗಳಲ್ಲಿ ಎಷ್ಟೋ ಇಂಗ್ಲಿಷ್ ಪದಗಳೇ ಕೊರಿಯನ್ ಅಕ್ಷರದಲ್ಲಿ ಕೂತಿರುತ್ತವೆ. ಮಾತು ಕಲಿಯುವುದು ಬೇರೆ ಸಂಕಟ, ಅದನ್ನು ಇವತ್ತು ಎತ್ತುವುದು ಬೇಡ.

ದಾರಿ ಹುಡುಕಲು ಗೂಗಲ್ ಮ್ಯಾಪನ್ನು ನಂಬಿ ಹೋದವರಿಗೆ ಅಲ್ಲಿ ಅದು ನಡಿಗೆಯ ದಾರಿ ತೋರಿಸುತ್ತಿರಲಿಲ್ಲ. ಉತ್ತರದವರ ಭಯಕ್ಕೆ ಸೂಕ್ಷ್ಮ ನಕ್ಷೆಯನ್ನು ಸರ್ಕಾರ ದೇಶದ ಹೊರಗೆ ಬಿಟ್ಟುಕೊಟ್ಟಿರಲಿಲ್ಲ. ಎಲ್ಲರೂ ನೇವರ್ ಮ್ಯಾಪ್, ಕಕಾವೋ ಮ್ಯಾಪ್ ಹಿಡಿದು ನಡೆಯುವವರೇ. ಫೋನಿನ ಇನ್ನೊಂದು ಕಾಟ ಸರ್ಕಾರಿ ಎಚ್ಚರಿಕೆಯದು. ಇದ್ದಕ್ಕಿದ್ದಂತೆ ಇಡೀ ಬಸ್ಸಿನ ಫೋನುಗಳು ಒಟ್ಟಿಗೆ ಕಿರುಚುತ್ತವೆ. ಯುದ್ಧವೇ ಬಂತು ಅಂತ ಎದೆ ಹಿಡಿದುಕೊಂಡರೆ, ಬೂದು ಬಣ್ಣದ ಪ್ಯಾಂಟಿನ ಇಂಥ ಎತ್ತರದ ಅಜ್ಜ ಮನೆಬಿಟ್ಟು ಹೋಗಿದ್ದಾರೆ, ಕಂಡರೆ ತಿಳಿಸಿ ಅಂತ ಇರುತ್ತದೆ. ಮೊದಮೊದಲು ಬೈದುಕೊಂಡೆ. ಈಗ ಬಸ್ಸಿನ ಕಿಟಕಿಯಿಂದ ಬೂದು ಪ್ಯಾಂಟು ಹುಡುಕುತ್ತೇನೆ.

ನವೆಂಬರಿನಲ್ಲಿ ಅವರ ಸುನುಂಗ್ ಪರೀಕ್ಷೆ, ನಮ್ಮ ಸಿಇಟಿಯ ದೊಡ್ಡಣ್ಣ. ಅವತ್ತು ಕಚೇರಿಗಳು ತಡವಾಗಿ ತೆರೆಯುತ್ತವೆ, ತಡವಾದ ಮಕ್ಕಳನ್ನು ಪೊಲೀಸರೇ ಬೈಕಿನಲ್ಲಿ ಮುಟ್ಟಿಸುತ್ತಾರೆ, ಇಂಗ್ಲಿಷ್ ಕೇಳಿಸಿಕೊಳ್ಳುವ ಪರೀಕ್ಷೆ ನಡೆಯುವ ಅರ್ಧ ಗಂಟೆ ದೇಶದಲ್ಲಿ ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಸಿಇಟಿ ದಿನ ಸಿಲ್ಕ್ ಬೋರ್ಡಿನ ಹಾರ್ನನ್ನಾದರೂ ನಿಲ್ಲಿಸಬಹುದಿತ್ತು ಅನ್ನಿಸುತ್ತದೆ.

ನನ್ನ ಕಾರ್ಡು ಬಂದದ್ದೂ ಆ ಚಳಿಯ ಶುರುವಿನಲ್ಲೇ. ಅದೇ ದಿನ ಫೋನಾಯಿತು, ಮರುದಿನ ಬ್ಯಾಂಕಾಯಿತು, ದಿಂಬು ರಾತ್ರಿ ಆರ್ಡರ್ ಮಾಡಿದ್ದು ಬೆಳಗಾಗುವುದರೊಳಗೆ ಬಾಗಿಲಲ್ಲಿತ್ತು. ಅದುವರೆಗೆ ಗೋಡೆಯಾಗಿದ್ದ ಊರು ಅಷ್ಟು ಸಲೀಸಾಗಿ ತೆರೆದುಕೊಂಡಿತು. ನಿಯಮ ಗೊತ್ತಿರುವವರಿಗೆ ಅಷ್ಟು ಅನುಕೂಲವಾದ ಊರನ್ನು ನಾನು ಕಂಡಿಲ್ಲ, ಗೊತ್ತಿಲ್ಲದವರಿಗೆ ಅಷ್ಟು ಅರ್ಥವಾಗದ ಊರನ್ನೂ ಕಂಡಿಲ್ಲ. ಯಾರೂ ಗದರುವುದಿಲ್ಲ. ಯಾರೂ ಮುಂಚಿತವಾಗಿ ಹೇಳುವುದೂ ಇಲ್ಲ. ಇಮೋಯಂಥವಳು ಸಿಕ್ಕರೆ ಬಚಾವು.

ನಿಮ್ಮ ಹುಡುಗಿಯೂ ಅರ್ಜಿ ಹಾಕುತ್ತಾಳೆ ಅಂದಿರಲ್ಲ, ಇಷ್ಟು ಮಾಡಿಸಿ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಡಬೇಡಿ. ಲಿಪಿಯನ್ನು ಇಲ್ಲೇ, ಈ ಬೇಸಿಗೆಯಲ್ಲೇ ಕಲಿಯಲಿ. ವಲಸೆ ಕಚೇರಿಯ ಸಮಯವನ್ನು ವಿಳಾಸ ಗೊತ್ತಾದ ದಿನವೇ ಹಿಡಿಯಲಿ, ಊರು ನೋಡುವುದು ಆಮೇಲೆ. ಪುಡಿ, ಉಪ್ಪಿನಕಾಯಿ ಎಷ್ಟು ಬೇಕೋ ಅಷ್ಟು ಕಟ್ಟಿ. ಹಸಿ ಕರಿಬೇವು, ಹಣ್ಣು ಮಾತ್ರ ಬೇಡ, ಇಂಚಿಯಾನ್ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಬಿಡುತ್ತಾರೆ.